ಎಂಟು ಮಿಲಿಮೀಟರ್ ಎಡಕ್ಕೆ

ನೆಲಕ್ಕೆ ಕೆನ್ನೆ ಹಚ್ಚಿ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿಕೊಂಡು, ಪುಟ್ಟ ದಾರವನ್ನೇ ನೋಡುತ್ತಿದ್ದ. ಹಿಂದಿನ ಟೈರಿನ ಎರಡೂ ಮಗ್ಗುಲಿಗೆ ತಾಗಿಸಿ ಎಳೆದ ಎರಡು ಬಿಳಿ ದಾರಗಳು ಬೈಕಿನ ಉದ್ದಕ್ಕೂ ಸಾಗಿ, ಮುಂದಿನ ಚಕ್ರವನ್ನು ದಾಟಿ, ಅದರಾಚೆ ಇಟ್ಟಿದ್ದ ಎರಡು ಇಟ್ಟಿಗೆಗಳಿಗೆ ಬಿಗಿದಿದ್ದವು. ಹಿಂದಿನ ಟೈರು ದಪ್ಪ, ಮುಂದಿನದು ಸಣ್ಣ. ಸಣ್ಣ ಟೈರಿನ ಎಡಕ್ಕೆ ದಾರದವರೆಗೆ ಎಷ್ಟು ಜಾಗ ಉಳಿಯುತ್ತದೋ ಬಲಕ್ಕೂ ಅಷ್ಟೇ ಉಳಿದರೆ ಎರಡು ಚಕ್ರಗಳೂ ಒಂದೇ ಸಾಲಿನಲ್ಲಿವೆ ಎಂದು ಅರ್ಥ. ಸ್ಕೇಲು ಇಟ್ಟು ಅಳೆದ. ಎಡಕ್ಕೆ ನಲವತ್ತೊಂದು, ಬಲಕ್ಕೆ ನಲವತ್ತೊಂದು. ಎದ್ದು ಕೂತು, ಕೆನ್ನೆಯ ಧೂಳನ್ನು ಅಂಗಿಯ ತೋಳಿಗೆ ಒರೆಸಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಚೈನಿನ ಕಡೆ ತಿರುಗಿದ.

ಕೆಟ್ಟಿದ್ದು ಅಲ್ಲಿ. ಚೈನು ಓಡುವುದು ಎರಡು ಹಲ್ಲಿನ ಚಕ್ರಗಳ ಮೇಲೆ. ಒಂದು ಎಂಜಿನ್ನಿನ ಎಡಗಡೆಗೆ, ಇನ್ನೊಂದು ಹಿಂದಿನ ಚಕ್ರದ ಎಡಗಡೆಗೆ. ಅವೆರಡೂ ಎದುರಾಬದುರು ಕೂತಿರಬೇಕು. ಕೂತಿರಲಿಲ್ಲ. ಹಿಂದಿನದು ಏಳು ಮಿಲಿಮೀಟರ್ ಎಡಕ್ಕಿತ್ತು. ಬುಷ್‌ಗಳನ್ನು, ಅಂದರೆ ಅಚ್ಚಿನ ಬಳೆಗಳನ್ನು, ಬದಲಿಸಿ ಇಡೀ ಚಕ್ರವನ್ನು ಏಳು ಮಿಲಿ ಬಲಕ್ಕೆ ಸರಿಸಿದರೆ ಚೈನು ಗೆರೆ ಎಳೆದಂತೆ ನೇರವಾಗುತ್ತಿತ್ತು. ಆದರೆ ದಾರ ಕಟ್ಟಿ ನೋಡಿದರೆ ಆಗ ಚಕ್ರಗಳ ಸಾಲು ತಪ್ಪುತ್ತಿತ್ತು. ಮೂರು ದಿನದಿಂದ ಇದೇ ಪಾಡು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಕಥೆ. ಹಿಂದಿನ ಚಕ್ರವನ್ನು ಒಂಬತ್ತು ಸಲ ಬಿಚ್ಚಿ ಒಂಬತ್ತು ಸಲ ಹಾಕಿದ್ದ. ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಆ ಬೆಳಿಗ್ಗೆ ಹೊಸದೊಂದು ಹುಳ ತಲೆ ಹೊಕ್ಕಿತ್ತು. ಚಕ್ರವೂ ಸರಿ, ಚೈನೂ ಸರಿ, ಎಂಜಿನ್ನೇ ತಪ್ಪು ಜಾಗದಲ್ಲಿದ್ದರೆ? ಗಾರೆ ಕೆಲಸದವರಿಂದ ತೂಗುಗುಂಡು ಇಸಿದುಕೊಂಡು ಬಂದು, ಚಾಸಿಯ, ಅಂದರೆ ಬೈಕಿನ ಚೌಕಟ್ಟಿನ, ನಟ್ಟನಡುವಿನಿಂದ ಕೆಳಕ್ಕೆ ಇಳಿಬಿಟ್ಟ. ಗುಂಡು ತೂಗಾಡುವುದು ನಿಲ್ಲುವವರೆಗೂ ಉಸಿರು ಬಿಗಿಹಿಡಿದು ಕಾದ. ಎಂಜಿನ್ನಿನ ನಡುಗೆರೆ ಗುಂಡಿಗಿಂತ ಎಂಟು ಮಿಲಿ ಎಡಕ್ಕಿತ್ತು. ಇನ್ನೊಮ್ಮೆ ನೋಡಿದ, ಎಂಟು. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದ. ಆಗಲೂ ಎಂಟೇ.

ದಪ್ಪ ಟೈರು ಹಾಕಿದರೆ ಚೈನು ಅದಕ್ಕೆ ಉಜ್ಜದಂತೆ ಎಡಕ್ಕೆ ಸರಿಯಲೇಬೇಕು, ಅದರ ಜೊತೆ ಎಂಜಿನ್ನನ್ನೂ ಸರಿಸಬೇಕಾದೀತು. ಅಷ್ಟು ಪುಟ್ಟನಿಗೂ ಗೊತ್ತಿತ್ತು. ಆದರೆ ಎಂಟೂ ಏಳೂ ಸೇರಿ ಹದಿನೈದು ಸರಿಯಬೇಕಾದದ್ದು ಎಂಟಕ್ಕೇ ಯಾಕೆ ನಿಂತಿತು? ಅದು ಚಾಸಿಯ ನಡುವೂ ಅಲ್ಲ, ಚೈನಿನ ಸಾಲೂ ಅಲ್ಲ. ಅಂಗಡಿಗೆಂದು ಮನೆಯಿಂದ ಹೊರಟವನು ಅರ್ಧ ದಾರಿಯಲ್ಲಿ ಯಾಕೆ ಹೊರಟೆ ಎನ್ನುವುದನ್ನೇ ಮರೆತು ನಿಂತಹಾಗಿತ್ತು ಆ ಎಂಜಿನ್ನು. ಅದನ್ನು ಹಿಡಿದಿದ್ದ ನಾಲ್ಕು ಕಬ್ಬಿಣದ ಪಟ್ಟಿಗಳನ್ನು ಚಾಸಿಗೆ ಬೆಸೆದವನು ಅಣ್ಣ. ಬೆಸುಗೆಯ ಅಲೆಗಳು ಒಂದರ ಮೇಲೊಂದು ಮೀನಿನ ಹೊಟ್ಟೆಯ ಹುರುಪೆಗಳ ಹಾಗೆ ಒಪ್ಪವಾಗಿ ಕೂತಿದ್ದವು. ಅದು ಅಣ್ಣನದೇ ಕೈ, ಅನುಮಾನವಿಲ್ಲ.

ಪುಟ್ಟ ಎನ್ನುವುದು ಮನೆಯಲ್ಲಿ ಕರೆದು ಕರೆದು ಉಳಿದುಹೋದ ಹೆಸರು. ವಯಸ್ಸು ನಲವತ್ತಾರು, ತೂಕ ತೊಂಬತ್ತರ ಆಸುಪಾಸು. ಮದುವೆಯ ಮಾತು ಮೂರು ಸಲ ಬಂದು ಮೂರು ಸಲ ಹೋಗಿತ್ತು. ಅಣ್ಣನಿಗಿಂತ ಎಂಟು ವರ್ಷ ಚಿಕ್ಕವನು. ಅಣ್ಣ-ಅತ್ತಿಗೆಯರ ಜೊತೆ, ಈ ರಿಪೇರಿ ಶೆಡ್ಡಿನ ಹಿಂದಿನ ಮನೆಯಲ್ಲೇ ಇದ್ದ. ಅಣ್ಣ ಕಟ್ಟುವವನು, ತಮ್ಮ ಬಿಚ್ಚುವವನು ಎಂದು ಬೀದಿಯವರು ನಗೆಯಾಡುತ್ತಿದ್ದರು. ನಗೆಯಾದರೂ ಸುಳ್ಳಲ್ಲ. ಕೆಟ್ಟ ಬೈಕು ಬಂದರೆ ಪುಟ್ಟನ ಪಾಲು. ಇದ್ದದ್ದನ್ನು ಬಿಚ್ಚಿ, ಸವೆದದ್ದನ್ನು ತೆಗೆದು, ಹೊಸದನ್ನು ಅದೇ ಜಾಗದಲ್ಲಿ ಕೂಡಿಸುವುದು. ಎಲ್ಲಕ್ಕೂ ಮೊದಲೇ ಒಂದು ಜಾಗವಿರುತ್ತಿತ್ತು. ಇಲ್ಲದ ಬೈಕನ್ನು ಇರುವಂತೆ ಮಾಡುವುದು ಅಣ್ಣನ ಕೆಲಸ. ಅವನು ಕಾಗದದಲ್ಲಿ ಏನನ್ನೂ ಬರೆಯುತ್ತಿರಲಿಲ್ಲ. ಚಾಕ್‌ಪೀಸಿನಲ್ಲಿ ನೆಲದ ಮೇಲೆ ಗೀಚಿ, ನೋಡಿ, ಕಾಲಿನಿಂದ ಅಳಿಸಿಬಿಡುತ್ತಿದ್ದ. ಬರೆದಿಡೋ ಅಣ್ಣ ಎಂದು ಪುಟ್ಟ ಹೇಳಿದಾಗೆಲ್ಲ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದ, ಎಲ್ಲ ಇಲ್ಲಿದೆ ಎಂಬಂತೆ.

ಏಳು ತಿಂಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ಇದೇ ಬೈಕಿನ ಪಕ್ಕದಲ್ಲಿ ಅಣ್ಣ ಬಿದ್ದ. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಸೋತವು, ಮಾತು ನಿಂತಿತು. ಕಾಲು ಸ್ವಲ್ಪ ಸ್ವಲ್ಪವಾಗಿ ಮರಳಿತು. ಕೋಲು ಹಿಡಿದು ಬಚ್ಚಲಿನವರೆಗೆ ಹೋಗಿ ಬರುತ್ತಿದ್ದ. ಮಾತೂ ಮರಳಿತು, ಆದರೆ ಬರಬಾರದ ಹಾಗೆ ಬಂತು. ನೀರು ಬೇಕಾದಾಗ ಬಾಗಿಲು ಎನ್ನುತ್ತಿದ್ದ. ಹೌದು ಎನ್ನಬೇಕಾದಲ್ಲಿ ಇಲ್ಲ ಎಂದು, ತಾನೇ ಬೆಚ್ಚಿ, ಮತ್ತೆ ಇಲ್ಲ ಎನ್ನುತ್ತಿದ್ದ. ಮಾತು ಕಲಿಸಲು ಬರುತ್ತಿದ್ದ ಡಾಕ್ಟರಮ್ಮ ಮನೆಯವರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು: ಅಡುಗೆಮನೆಯ ಡಬ್ಬಿಗಳ ಚೀಟಿ ಅದಲುಬದಲಾಗಿದೆ ಎಂದುಕೊಳ್ಳಿ, ಒಳಗಿನ ಸಾಮಾನು ಎಲ್ಲಿಯೂ ಹೋಗಿಲ್ಲ. ಪುಟ್ಟನಿಗೆ ಅದು ಚೆನ್ನಾಗಿ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಇನ್ನೊಂದು: ಕೆಲವು ಡಬ್ಬಿಗಳಲ್ಲಿ ಚೀಟಿಯಲ್ಲಿದ್ದದ್ದೇ ಇರುತ್ತಿತ್ತು, ಮತ್ತು ಯಾವುದರಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ.

ಬಿದ್ದ ದಿನದಿಂದ ಅಣ್ಣ ಶೆಡ್ಡಿಗೆ ಕಾಲಿಟ್ಟಿರಲಿಲ್ಲ. ಮನೆಯ ಹಿತ್ತಲ ಬಾಗಿಲಿನಿಂದ ಶೆಡ್ಡಿಗೆ ಇಪ್ಪತ್ತು ಹೆಜ್ಜೆ. ಒಮ್ಮೆ ಪುಟ್ಟ ಕೈಹಿಡಿದು ಕರೆತಂದಾಗ ಬಾಗಿಲಲ್ಲೇ ಮುಖ ತಿರುಗಿಸಿ ನಿಂತುಬಿಟ್ಟಿದ್ದ. ಬಲವಂತ ಮಾಡಬೇಡ ಎಂದು ಅತ್ತಿಗೆ ಗದರಿದ್ದಳು.

ತೂಗುಗುಂಡನ್ನು ಸುತ್ತಿಡುತ್ತ ಪುಟ್ಟ ತಿಂಗಳು ಎಣಿಸಿದ. ಎಂಜಿನ್ನಿನ ಪಟ್ಟಿಗಳನ್ನು ಅಣ್ಣ ಬೆಸೆದದ್ದು ಬೀಳುವುದಕ್ಕೆ ಮೂರು ವಾರ ಮುಂಚೆ. ಆ ವಾರವೇ ಅಲ್ಲವೇ, ಅಣ್ಣನ ಬಲಗೈಯಿಂದ ಸ್ಪ್ಯಾನರ್ ಜಾರಿ ಬಿದ್ದದ್ದು? ಒಂದು ಸಲ ಬಿತ್ತು, ಎತ್ತಿಕೊಂಡ, ಮತ್ತೆ ಬಿತ್ತು. ಕೈಯನ್ನು ಕೊಡವುತ್ತ, ಇದು ನನಗಿಂತ ಮುಂಚೆ ನಿದ್ದೆಗೆ ಹೋಯಿತು ನೋಡೋ ಎಂದು ಅಣ್ಣ ನಕ್ಕಿದ್ದ. ಪುಟ್ಟನೂ ನಕ್ಕಿದ್ದ. ನಕ್ಕು, ತನ್ನ ಕಾರ್ಬ್ಯುರೇಟರಿನ ಕಡೆ ತಿರುಗಿದ್ದ. ಆಮೇಲೆ ಆಸ್ಪತ್ರೆಯಲ್ಲಿ, ಮೊದಲೇ ಏನಾದರೂ ಸೂಚನೆ ಕಂಡಿತ್ತೇ ಎಂದು ಡಾಕ್ಟರು ಕೇಳಿದಾಗ ಅತ್ತಿಗೆ ಇಲ್ಲ ಎಂದಳು. ಪಕ್ಕದಲ್ಲಿ ನಿಂತಿದ್ದ ಪುಟ್ಟನೂ ತಲೆಯಾಡಿಸಿದ. ಆ ಸ್ಪ್ಯಾನರು ಬಿದ್ದ ಸದ್ದು ಅವತ್ತಿನಿಂದ ಅವನ ಹೊಟ್ಟೆಯಲ್ಲಿ ಇತ್ತು.

ಅಂದಮೇಲೆ ಈ ಎಂಟು ಮಿಲಿ ಏನು? ಕಣ್ಣಳತೆಯಲ್ಲೇ ಅರ್ಧ ಮಿಲಿ ಹಿಡಿಯುತ್ತಿದ್ದವನು ಲೆಕ್ಕ ತಪ್ಪಿದ್ದಾನೆಂದರೆ ಆಗಲೇ ಅವನ ತಲೆಯಲ್ಲಿ ಏನೋ ಕೆಟ್ಟಿತ್ತು. ಆಗಲೇ ಕೆಟ್ಟಿತ್ತೆಂದರೆ ಹತ್ತಡಿ ದೂರದಲ್ಲಿ ಕೂತು ಕೆಲಸ ಮಾಡುತ್ತಿದ್ದ ತಮ್ಮ ಏನು ಮಾಡುತ್ತಿದ್ದ? ಇಲ್ಲ, ಅಣ್ಣ ಬೇಕೆಂದೇ ಹೀಗೆ ಕೂಡಿಸಿದ್ದ ಎಂದಾದರೆ, ಯಾಕೆ? ಪುಟ್ಟ ಬೈಕಿನ ಸುತ್ತ ಎರಡು ಸುತ್ತು ಬಂದ. ತಲೆ ಚಿಟ್ಟುಹಿಡಿದುಹೋಯಿತು.

ಸಂಜೆ ಹೋಗಿ ಅಣ್ಣನ ಎದುರು ಸ್ಟೂಲು ಹಾಕಿಕೊಂಡು ಕೂತ. ಅಣ್ಣ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದ; ತೊಡೆಯ ಮೇಲೆ ಬಲಗೈ ಬೇರೆ ಯಾರದೋ ವಸ್ತುವಿನಂತೆ ಬಿದ್ದುಕೊಂಡಿತ್ತು.

"ಅಣ್ಣಾ, ಆ ದಪ್ಪ ಟೈರಿನ ಬೈಕು. ಎಂಜಿನ್ ಎಂಟು ಮಿಲಿ ಎಡಕ್ಕೆ... ಎಡಕ್ಕಿದೆ. ನೀನು ಬೇಕಂತಲೇ ಕೂಡ್ಸಿದ್ದಾ?"

ಗಾಬರಿಯಲ್ಲಿ ಪುಟ್ಟನ ನಾಲಿಗೆಯೇ ತೊಡರಿತ್ತು. ಅಣ್ಣ ಅವನ ಮುಖವನ್ನು ಗಮನವಿಟ್ಟು ನೋಡಿದ. "ಇಲ್ಲ," ಎಂದ.

"ಹಾಗಾದ್ರೆ ಅದು ತಪ್ಪಾಗಿ ಕೂತಿದ್ಯಾ?"

"ಇಲ್ಲ."

"ಎರಡಕ್ಕೂ ಇಲ್ಲ ಅಂದ್ರೆ ಹೇಗಣ್ಣ? ಇನ್ನೂ ಎಡಕ್ಕೆ ಹೋಗ್ಬೇಕಾ?"

ಅಣ್ಣನ ತುಟಿ ಅಲುಗಾಡಿತು. ಒಳಗೆ ಏನನ್ನೋ ಹುಡುಕುವವನಂತೆ ಕಣ್ಣು ಕಿರಿದಾದವು. "ತಟ್ಟೆ," ಎಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಗಟ್ಟಿಯಾಗಿ, "ತಟ್ಟೆ!"

ಹಸಿವಾಗಿದೆಯೆಂದುಕೊಂಡು ಅತ್ತಿಗೆ ಅಡುಗೆಮನೆಯಿಂದ ಊಟದ ತಟ್ಟೆ ತಂದು ಮುಂದಿಟ್ಟಳು. ಅಣ್ಣ ಎಡಗೈಯಿಂದ ಅದನ್ನು ತಳ್ಳಿದ, ಅನ್ನ ಚೆಲ್ಲಿತು. ಬೇಯಿಸುವುದು ಸಾಲದೆಂದು ಬಳಿಯುವುದೂ ನನ್ನ ಪಾಲಿಗೇ ಎಂದು ಅತ್ತಿಗೆ ಗೊಣಗುತ್ತ ಬಗ್ಗಿದಳು. ಕೆಲಸದ ಮಾತೆತ್ತಿ ಅವರ ತಲೆ ಯಾಕೆ ಕೆಡಿಸುತ್ತೀಯ ಎಂದು ಮೈದುನನಿಗೂ ಎರಡು ಮಾತು ಬಿತ್ತು. ಮರುದಿನವೂ ಪುಟ್ಟ ಕೇಳಿದ, ಮರುದಿನವೂ ತಟ್ಟೆ ಬಂತು, ಮರುದಿನವೂ ಅಣ್ಣ ಅದನ್ನು ತಳ್ಳಿದ.

ಬೈಕು ಮಾಡಿಸುತ್ತಿದ್ದವಳು ಬಂದರಿನಲ್ಲಿ ಕ್ರೇನು ಓಡಿಸುವ ಹೆಂಗಸು. ಆರಡಿ ಎತ್ತರ, ಅದಕ್ಕೆ ತಕ್ಕ ಅಗಲ; ಅಣ್ಣ ತಮ್ಮ ಇಬ್ಬರೂ ಅವಳನ್ನು ಬೆನ್ನ ಹಿಂದೆ ಕ್ರೇನಮ್ಮ ಎನ್ನುತ್ತಿದ್ದರು. ಅಂಗಡಿಯ ಬೈಕುಗಳ ಮೇಲೆ ಕೂತರೆ ಸರ್ಕಸ್ಸಿನ ಕರಡಿಯ ಹಾಗೆ ಕಾಣುತ್ತೇನೆ, ನನ್ನ ಅಳತೆಗೆ ಒಂದು ಮಾಡಿಕೊಡಿ ಎಂದು ಅವಳೇ ಬಂದು ಕೇಳಿದ್ದಳು. ಅಣ್ಣ ಬಿದ್ದಮೇಲೆ ಬೇರೆಯವರಾದರೆ ಸಾಮಾನು ಎತ್ತಿಕೊಂಡು ಹೋಗುತ್ತಿದ್ದರು. ಇವಳು ಎರಡು ವಾರಕ್ಕೊಮ್ಮೆ ಬಂದು, ಬೈಕನ್ನು ನೋಡಿ, ಅಣ್ಣನ ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಿದ್ದಳು. ಆ ವಾರ ಬಂದಾಗ ಪುಟ್ಟ ಮುಚ್ಚಿಡಲಿಲ್ಲ. ಚಕ್ರ, ಚೈನು, ಎಂಜಿನ್ನು, ಮೂರರ ಜಗಳವನ್ನೂ ದಾರ ಕಟ್ಟಿ ತೋರಿಸಿದ. ಹೀಗೇ ಓಡಿಸಿದರೆ ಏನಾಗುತ್ತದೆ ಎಂದು ಕೇಳಿದಳು. ಓರೆ ಚೈನು ಒಂದು ದಿನ ಹಲ್ಲಿನಿಂದ ಕಳಚಿ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ ಎಂದ. ಆಮೇಲೆ ಏನಾಗುತ್ತದೆಂದು ಅವಳು ಕೇಳಲಿಲ್ಲ.

ಅಣ್ಣ ನಿಮಗೆ ಏನಾದರೂ ಹೇಳಿದ್ದನೇ ಎಂದು ಪುಟ್ಟ ಕೇಳಿದ. ಅವಳು ನೆನಪಿಸಿಕೊಳ್ಳಲು ನೋಡಿದಳು. ಎಂಜಿನ್ನು ಸ್ವಲ್ಪ ಪಕ್ಕಕ್ಕೆ ಇರುತ್ತದೆ ಎಂದಿದ್ದರು. ಅಥವಾ ಪಕ್ಕಕ್ಕೆ ಇರಬಾರದು ಎಂದಿದ್ದರೋ. ನೆಲದ ಮೇಲೆ ಏನೋ ಬರೆದು ತೋರಿಸಿದರು, ನನಗೆ ಒಂದಕ್ಷರ ತಿಳಿಯಲಿಲ್ಲ, ತಿಳಿದವಳಂತೆ ಹೂಂಗುಟ್ಟಿದೆ ಎಂದು ಪ್ರಾಮಾಣಿಕವಾಗಿ ಹೇಳಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ನಾನು ದಿನಾ ಜನರ ತಲೆ ಮೇಲೆ ಹತ್ತು ಟನ್ ಎತ್ತೋಳು. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನೋರ ಜೊತೆ ನನಗೆ ಭಯ ಇಲ್ಲ," ಎಂದಳು. ಅದರಿಂದ ಪುಟ್ಟನಿಗೆ ಧೈರ್ಯವೂ ಬಂತು, ಹೆದರಿಕೆಯೂ ಹೆಚ್ಚಾಯಿತು.

ಎರಡು ದಿನ ಬೇರೆ ಕೆಲಸದಲ್ಲಿ ತಲೆ ಮರೆಸಿಕೊಂಡ. ಮೂರನೆಯ ದಿನ ಬೆಳಿಗ್ಗೆ ತೀರ್ಮಾನಕ್ಕೆ ಬಂದ. ಪಟ್ಟಿಗಳನ್ನು ಕತ್ತರಿಸುವುದು, ಎಂಜಿನ್ನನ್ನು ಇನ್ನೂ ಏಳು ಮಿಲಿ ಎಡಕ್ಕೆ ಒಯ್ದು ಹೊಸದಾಗಿ ಬೆಸೆಯುವುದು. ಎಂಜಿನ್ನಿನ ಭಾರವೆಲ್ಲ ಒಂದೇ ಕಡೆಗೆ ಬಿದ್ದು ಬೈಕು ವಾಲಿದರೆ ಅದನ್ನು ಆಮೇಲೆ ನೋಡಿಕೊಳ್ಳುವುದು. ಅಣ್ಣ ತಪ್ಪು ಮಾಡಿದ್ದಾನೆ, ಕಾಯಿಲೆಯವನು ಮಾಡಿದ ತಪ್ಪು, ತಿದ್ದುವುದು ತನ್ನ ಧರ್ಮ ಎಂದು ಮನಸ್ಸಿಗೆ ಹೇಳಿಕೊಂಡ. ಹೀಗೆ ಹೇಳಿಕೊಂಡ ಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ.

ನಾಲ್ಕು ಪಟ್ಟಿಗಳ ಮೇಲೂ ಚಾಕ್‌ಪೀಸಿನಿಂದ ಗೆರೆ ಎಳೆದ. ಕಣ್ಣಿಗೆ ಕನ್ನಡಕ ಏರಿಸಿ ಕಟಿಂಗ್ ಮಷೀನ್ ಎತ್ತಿಕೊಂಡ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗುಂಡಿ ಒತ್ತಿದ. ಮಷೀನು ಕೂಗಿತು. ಬಿಲ್ಲೆಯನ್ನು ಮೊದಲ ಪಟ್ಟಿಗೆ ತಾಗಿಸಿದಾಗ ಕಿಡಿ ಹಾರಿತು, ಬಣ್ಣ ಸುಟ್ಟ ವಾಸನೆ ಬಂತು. ಒಂದು ಉಗುರಿನಷ್ಟು ಆಳ ಹೋಗಿರಬಹುದು, ಬಾಗಿಲಲ್ಲಿ ಬೆಳಕು ಅಡ್ಡವಾಯಿತು.

ಅಣ್ಣ ನಿಂತಿದ್ದ. ಕೋಲು ಒಂದು ಕಡೆ, ಬಾಗಿಲಿನ ಚೌಕಟ್ಟು ಒಂದು ಕಡೆ. ಹಿಂದೆ ಅತ್ತಿಗೆ, ಕೈಯಲ್ಲಿ ಅವನ ಒಂದು ಚಪ್ಪಲಿ. ಸದ್ದು ಕೇಳಿದ್ದೇ ತಡ ಬರಿಗಾಲಲ್ಲಿ ಎದ್ದು ಹೊರಟುಬಿಟ್ಟರೆಂದು ಆಮೇಲೆ ಹೇಳಿದಳು.

"ಕಟ್ ಮಾಡು," ಎಂದ ಅಣ್ಣ. "ಕಟ್ ಮಾಡು, ಕಟ್ ಮಾಡು."

ಮಷೀನು ಪುಟ್ಟನ ಕೈಯಲ್ಲಿ ಕೂಗುತ್ತಲೇ ಇತ್ತು. ಬಾಯಿ ಕತ್ತರಿಸು ಎನ್ನುತ್ತಿದೆ. ಎಡಗೈ ಗಾಳಿಯಲ್ಲಿ ಬೀಸುತ್ತಿದೆ. ಅದು ಬೇಡವೆನ್ನುವ ಬೀಸೋ, ಬೇಗ ಎನ್ನುವ ಬೀಸೋ? ಪುಟ್ಟ ಅತ್ತಿಗೆಯ ಮುಖ ನೋಡಿದ.

"ಬಾಯಿ ನೋಡ್ಬೇಡ, ಕಣ್ಣು ನೋಡು," ಎಂದಳು ಅತ್ತಿಗೆ.

ಅಣ್ಣನ ಕಣ್ಣಲ್ಲಿ ನೀರು ತುಂಬಿತ್ತು. ಪುಟ್ಟ ಮಷೀನನ್ನು ನಿಲ್ಲಿಸಿದ. ಬಿಲ್ಲೆ ತಿರುಗಿ ತಿರುಗಿ ನಿಂತಮೇಲೆ ಶೆಡ್ಡಿನಲ್ಲಿ ಕೋಲಿನ ಸದ್ದು ಮಾತ್ರ ಕೇಳಿಸಿತು. ಅಣ್ಣ ಒಳಗೆ ಬರುತ್ತಿದ್ದ. ತಾನು ಬಿದ್ದಿದ್ದ ಜಾಗವನ್ನು ದಾಟಿಯೇ ಬಂದ. ಅದು ಅವನಿಗೆ ನೆನಪಿತ್ತೋ ಇಲ್ಲವೋ. ಪುಟ್ಟ ಎಳೆದ ಚಾಕಿನ ಗೆರೆಯನ್ನು ಹೆಬ್ಬೆರಳಿನಿಂದ ಅಳಿಸಿದ. ಕೊಯ್ದ ಗಾಯವನ್ನು ಮುಟ್ಟಿ ನೋಡಿದ. ಆಮೇಲೆ ಎಂಜಿನ್ನಿನ ಪಕ್ಕದ ಹಲ್ಲಿನ ಚಕ್ರವನ್ನು ಬೆರಳಿನಿಂದ ಕುಟ್ಟಿದ. "ತಟ್ಟೆ," ಎಂದ.

"ತರ್ತೀನಿ ರೀ, ಮೊದಲು ಕೂತ್ಕೊಳ್ಳಿ," ಎಂದು ಅತ್ತಿಗೆ ಹೊರಡುವುದರಲ್ಲಿದ್ದಳು.

ಅಣ್ಣ ಸಿಟ್ಟಿನಿಂದ ತಲೆ ಕೊಡವಿದ. ಸುತ್ತ ಕಣ್ಣಾಡಿಸಿದ. ಮೇಜಿನ ಮೇಲೆ ಗ್ರೀಸ್ ಡಬ್ಬಿ ಬಾಯಿ ತೆರೆದುಕೊಂಡಿತ್ತು, ಅದರ ಮುಚ್ಚಳ ಪಕ್ಕದಲ್ಲಿತ್ತು. ಕೋಲನ್ನು ಬೈಕಿಗೆ ಒರಗಿಸಿ, ಮುಚ್ಚಳವನ್ನು ಎತ್ತಿಕೊಂಡು, ಹಲ್ಲಿನ ಚಕ್ರಕ್ಕೂ ಎಂಜಿನ್ನಿಗೂ ನಡುವೆ ಅದನ್ನು ತೂರಿಸಲು ನೋಡಿದ. ಅದು ಹಿಡಿಸಲಿಲ್ಲ. ಅಂಚು ಮಾತ್ರ ಒಳಹೋಯಿತು. ಅಷ್ಟನ್ನೇ ಹಿಡಿದುಕೊಂಡು ತಮ್ಮನ ಮುಖ ನೋಡಿದ. "ತಟ್ಟೆ."

ಪುಟ್ಟನಿಗೆ ಆಗ ಹೊಳೆಯಿತು. ಎಂಜಿನ್ನನ್ನು ಅರ್ಧ ಮಾತ್ರ ಸರಿಸಿ, ಉಳಿದ ಅರ್ಧಕ್ಕೆ ಹಲ್ಲಿನ ಚಕ್ರದ ಹಿಂದೆ ತಟ್ಟೆಯಂಥ ಒಂದು ಉಕ್ಕಿನ ಬಿಲ್ಲೆ ಕೊಟ್ಟು ಅದೊಂದನ್ನೇ ಹೊರಕ್ಕೆ ತಳ್ಳುವುದು. ಆಗ ಎಂಜಿನ್ನಿನ ಭಾರವೂ ಅತಿಯಾಗಿ ಒಂದು ಕಡೆಗೆ ಬೀಳುವುದಿಲ್ಲ. ಇಷ್ಟು ಸುಲಭದ್ದು ವಾರವಿಡೀ ಯಾಕೆ ಹೊಳೆಯಲಿಲ್ಲ? ಬೈಕು ಬಿಟ್ಟು ಅಣ್ಣನ ತಪ್ಪನ್ನೇ ಹುಡುಕುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅತ್ತಿಗೆಗೆ ವಿವರಿಸಿದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಇಷ್ಟು ದಿನ ಊಟದ ತಟ್ಟೆ ಇಟ್ಟು ಬೈದೆನಲ್ಲ ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು. ಅಣ್ಣನಿಗೆ ನಗು ಬರಲಿಲ್ಲ. ದಣಿದು, ಮಗುಚಿ ಹಾಕಿದ್ದ ಡ್ರಮ್ಮಿನ ಮೇಲೆ ಕೂತುಬಿಟ್ಟ.

ಕೊಯ್ದ ಪಟ್ಟಿಗೆ ಪುಟ್ಟ ಬೆಸುಗೆ ತುಂಬಿದ. ಅಣ್ಣನ ಬೆಸುಗೆಯ ಪಕ್ಕದಲ್ಲಿ ಅದು ಹುಳು ಕಚ್ಚಿದ ಹಾಗೆ ಕಾಣುತ್ತಿತ್ತು. ಮಾರನೆಯ ದಿನ ಅಳತೆ ಹಿಡಿದುಕೊಂಡು ಕಬ್ಬಿಣ ಕಡೆದುಕೊಡುವ ಲೇತಿನವನ ಬಳಿಗೆ ಹೋದ. ಏಳು ಮಿಲಿ ದಪ್ಪದ ಬಿಲ್ಲೆ ಎಂದಾಗ ಲೇತಿನವನು ತಲೆಯಾಡಿಸಿದ. ಅಷ್ಟು ದಪ್ಪ ಕೊಟ್ಟರೆ ಹಲ್ಲಿನ ಚಕ್ರವನ್ನು ಬಿಗಿಯುವ ನಟ್ಟಿಗೆ ಕಚ್ಚಿಕೊಳ್ಳಲು ಥ್ರೆಡ್ ಸಾಲದು, ಓಡುವಾಗ ಕಳಚಿಕೊಳ್ಳುತ್ತದೆ. ಐದಕ್ಕಿಂತ ಹೆಚ್ಚು ಆಗದು. ಉಳಿದ ಎರಡಕ್ಕೆ ಬೇಕಾದರೆ ಹಿಂದಿನ ಹಲ್ಲಿನ ಚಕ್ರ ಕೂರುವ ಜಾಗವನ್ನೇ ಎರಡು ಮಿಲಿ ಕೆತ್ತಿ ಒಳಕ್ಕೆ ತರಬಹುದು ಎಂದ. ಅಣ್ಣನ ಲೆಕ್ಕದಲ್ಲೂ ಇದೇ ಇತ್ತೇ ಎಂದು ಪುಟ್ಟ ಕೇಳಿದ. ಇದ್ದರೂ ಇರಬಹುದು, ಎಂಜಿನ್ನನ್ನು ಹತ್ತು ಸರಿಸಬೇಕಾದವನು ಎಂಟು ಸರಿಸಿದ್ದರೂ ಇರಬಹುದು, ಅವನ ತಲೆಯೊಳಗೆ ಹೋಗಿ ನೋಡಿದವರು ಯಾರು ಎಂದು ಲೇತಿನವನು ಕಬ್ಬಿಣದ ಚೂರನ್ನು ಉಫ್ ಎಂದು ಊದಿದ.

ಮುಗಿಯಿತು ಎಂದುಕೊಂಡದ್ದು ಎರಡು ಮಿಲಿಯಷ್ಟು ಉಳಿಯಿತು. ಬಿಲ್ಲೆ ಹಾಕಿ, ಕೆತ್ತಿಸಿದ ಚಕ್ರವನ್ನು ಕೂಡಿಸಿ, ದಾರ ಕಟ್ಟಿ ನೋಡಿದಾಗ ಎಲ್ಲವೂ ಸಾಲಿಗೆ ಬಂದಿದ್ದವು. ನಲವತ್ತೊಂದು, ನಲವತ್ತೊಂದು. ಚೈನು ಹಲ್ಲಿನಿಂದ ಹಲ್ಲಿಗೆ ನೀರಿನ ಹಾಗೆ ಹರಿಯಿತು. ಗೋದಾಮುಗಳ ಹಿಂದಿನ ನೇರ ರಸ್ತೆಗೆ ಒಯ್ದು ಪುಟ್ಟ ತಾನೇ ಓಡಿಸಿದ. ಅರವತ್ತರ ವೇಗದಲ್ಲಿ ಹ್ಯಾಂಡಲಿನಿಂದ ಎರಡೂ ಅಂಗೈಗಳನ್ನು ಒಂದು ಬೆರಳಿನಷ್ಟು ಎತ್ತಿದ. ಬೈಕು ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ನಾಳೆ ಬಂದು ತೆಗೆದುಕೊಂಡು ಹೋಗಿ ಎಂದು ಕ್ರೇನಮ್ಮನಿಗೆ ಹೇಳಿಕಳಿಸಿದ.

ಶೆಡ್ಡಿಗೆ ಬಂದು ಬೈಕನ್ನು ಸ್ಟ್ಯಾಂಡಿಗೆ ಎತ್ತಿ ಚೈನಿನ ಬಿಗಿತ ಕೊನೆಯ ಸಲ ನೋಡುತ್ತಿದ್ದ. ಈಗ ಅಣ್ಣ ದಿನಾ ಬರುತ್ತಿದ್ದ, ಡ್ರಮ್ಮಿನ ಮೇಲೆ ಕೂರುತ್ತಿದ್ದ. ಅವತ್ತು ಅತ್ತಿಗೆಯೂ ಚಹಾ ತಂದವಳು ಹೋಗದೆ ನಿಂತಿದ್ದಳು. ಪುಟ್ಟನ ಹೊಟ್ಟೆಯಲ್ಲಿದ್ದದ್ದು ಇನ್ನು ಅಲ್ಲಿ ನಿಲ್ಲುವಂತಿರಲಿಲ್ಲ. ಚೈನಿನಿಂದ ಕಣ್ಣು ತೆಗೆಯದೆ ಹೇಳಿದ.

"ಅತ್ತಿಗೆ, ಅಣ್ಣ ಬೀಳೋಕೆ ಮೂರು ವಾರ ಮುಂಚೆನೇ ಅವನ ಕೈಯಿಂದ ಸ್ಪ್ಯಾನರ್ ಬಿದ್ದಿತ್ತು. ಎರಡು ಸಲ. ನಾನು ನೋಡಿದ್ದೆ. ಡಾಕ್ಟರ್ ಕೇಳಿದಾಗ್ಲೂ ಹೇಳ್ಲಿಲ್ಲ."

ಅತ್ತಿಗೆ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಅಂಗಿ ಗುಂಡಿ," ಎಂದಳು ಕೊನೆಗೆ. "ಆ ತಿಂಗಳು ಮೂರು ದಿನ ಗುಂಡಿ ತಪ್ಪು ತಪ್ಪಾಗಿ ಹಾಕ್ಕೊಂಡು ಬಂದ್ರು. ಗಮನ ಎಲ್ಲಿಟ್ಟಿದ್ದೀರಾ ಅಂತ ರೇಗಿದ್ದೆ. ನಾನೂ ಯಾರಿಗೂ ಹೇಳ್ಲಿಲ್ಲ ಪುಟ್ಟ. ಗುಂಡಿ ತಪ್ಪು ಹಾಕಿದ್ರು ಅಂತ ಯಾರನ್ನಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಾ?"

ಇಬ್ಬರೂ ಅಣ್ಣನ ಕಡೆ ನೋಡಿದರು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಬೇರೇನಿತ್ತೆಂದೂ ಹೇಳುವಂತಿರಲಿಲ್ಲ. ಪುಟ್ಟ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಅಣ್ಣಾ, ಆಗ್ಲೇ ನಿಂಗೆ ಮೈ ಸರಿ ಇರ್ಲಿಲ್ವಾ?"

"ಹೂಂ," ಎಂದ ಅಣ್ಣ.

"ಮತ್ತೆ ಆ ಎರಡು ಮಿಲಿ? ಲೆಕ್ಕ ತಪ್ಪಿದ್ದಾ, ಬೇಕಂತ ಬಿಟ್ಟಿದ್ದಾ?"

"ಹೂಂ," ಎಂದ ಅದೇ ದನಿಯಲ್ಲಿ.

ಪುಟ್ಟ ಅತ್ತಿಗೆಯನ್ನು ನೋಡಿದ. ಅತ್ತಿಗೆ ಅಣ್ಣನ ಕಣ್ಣನ್ನು ನೋಡುತ್ತಿದ್ದಳು, ತನಗೂ ತಿಳಿಯಲಿಲ್ಲವೆಂಬಂತೆ ಮೆಲ್ಲಗೆ ತಲೆಯಲ್ಲಾಡಿಸಿದಳು. ಹೊರಗೆ ಬೀದಿಯಲ್ಲಿ ಯಾರೋ ಖಾಲಿ ಗಾಡಿ ತಳ್ಳಿಕೊಂಡು ಹೋದರು.

ಅಣ್ಣ ಕೋಲನ್ನು ಊರಿ ಮುಂದಕ್ಕೆ ಬಾಗಿದ. ಎಡಗೈ ಚಾಚಿ, ನೆಲದಿಂದ ಎತ್ತಿ ನಿಲ್ಲಿಸಿದ್ದ ಹಿಂದಿನ ಚಕ್ರವನ್ನು ಒಮ್ಮೆ ಬೀಸಿ ತಿರುಗಿಸಿದ. ಕಡ್ಡಿಗಳು ಕಲಸಿಹೋಗಿ ಬೂದು ಬೆಳಕಾದವು. ಮೂವರೂ ನೋಡುತ್ತಿದ್ದರು. ಚಕ್ರ ನಿಧಾನವಾಗುತ್ತ ಬಂದು, ಕಡ್ಡಿಗಳು ಒಂದೊಂದಾಗಿ ಬಿಡಿಬಿಡಿಯಾಗಿ, ಗಾಳಿ ತುಂಬುವ ಮೂತಿ ಕೆಳಕ್ಕೆ ಬಂದು, ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತೂಗಿ, ನಿಂತಿತು. ಅಣ್ಣ ಮತ್ತೆ ಕೈ ಚಾಚಿದ.